ಉಪದೇಶ ಸಾಕು, ಕುರ್ಚಿ ಕೊಡಿ

ಬಸುರಿಯ ಬಾಯಿಚಪಲಕ್ಕೆ ಕನ್ನಡದಲ್ಲಿ ಒಂದು ಚೆಂದದ ಹೆಸರಿದೆ: ಬಯಕೆ. ಬಯಕೆಗೆ ಹಾಡಿದೆ, ಊಟವಿದೆ, ಶಾಸ್ತ್ರವಿದೆ. ಹೊಟ್ಟೆಗೆ ಸೀಮಂತವಿದೆ, ಮಡಿಲಿಗೆ ಅಕ್ಕಿ-ತೆಂಗಿನಕಾಯಿಯಿದೆ, ಕೈಗೆ ಹಸಿರು ಬಳೆಯಿದೆ, ತಲೆಗೆ ಮೊಗ್ಗಿನ ಜಡೆಯಿದೆ. ಕಾಲಿಗೆ ಏನಿದೆ? ಏಳನೆಯ ತಿಂಗಳ ಹೊತ್ತಿಗೆ ಸಂಜೆಯಾಗುತ್ತಲೇ ಬಾತುಕೊಳ್ಳುವ, ಚಪ್ಪಲಿ ಪಟ್ಟಿಯ ಗುರುತನ್ನು ಬರೆಯಂತೆ ಹೊತ್ತಿರುವ, ಕಾಲುಂಗುರ ಮಾಂಸದೊಳಗೆ ಹೂತು ಉರಿಯುವ ಕಾಲಿಗೆ ನಾವು ಕೊಟ್ಟಿರುವುದು ಒಂದೇ ಮಾತು. "ಅದೆಲ್ಲಾ ಸಹಜ ಕಣಮ್ಮ."

ಈ ‘ಸಹಜ’ದ ಮೇಲೆ ನನಗೆ ಸಿಟ್ಟಿದೆ. ಅದು ಸುಳ್ಳೆಂದಲ್ಲ. ಅರ್ಧ ನಿಜವನ್ನು ಹೇಳಿ ಉಳಿದರ್ಧವನ್ನು ಹೇಳದಂತೆ ಬಾಯಿ ಮುಚ್ಚಿಸುತ್ತದೆ ಎಂದು.

ಮೊದಲು ಅದರಲ್ಲಿರುವ ನಿಜವನ್ನು ಒಪ್ಪಿಬಿಡೋಣ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಹೆಣ್ಣಿನ ಮೈಯಲ್ಲಿ ಹರಿಯುವ ರಕ್ತ ಮೊದಲಿಗಿಂತ ಸುಮಾರು ಶೇ. 40ರಿಂದ 50ರಷ್ಟು ಹೆಚ್ಚಾಗಿರುತ್ತದೆ. ಮೈ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒಟ್ಟು 6ರಿಂದ 8 ಲೀಟರಿನಷ್ಟು ನೀರು ಹೆಚ್ಚುವರಿಯಾಗಿ ಸೇರುತ್ತದೆ. ಇತ್ತ ದಿನದಿನಕ್ಕೆ ಬೆಳೆಯುವ ಗರ್ಭಕೋಶ, ಕಾಲಿನಿಂದ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ರಕ್ತನಾಳದ ಮೇಲೆ ಕೂತಂತಾಗುತ್ತದೆ. ಮೇಲೇರಲಾರದ ರಕ್ತ ಕೆಳಗೇ ನಿಂತು, ನೀರಿನಂಶ ನಾಳದ ಗೋಡೆ ದಾಟಿ ಚರ್ಮದಡಿಗೆ ಜಿನುಗುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ, ಬೆರಳು ತೆಗೆದರೂ ಗುಳಿ ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ಬೇಸಿಗೆಯಲ್ಲಿ ಹೆಚ್ಚು, ನಿಂತಷ್ಟೂ ಹೆಚ್ಚು, ರಾತ್ರಿ ಮಲಗಿ ಎದ್ದರೆ ಕಡಿಮೆ. ಎರಡೂ ಕಾಲಿಗೆ ಸಮನಾಗಿ ಹೀಗಾಗುತ್ತಿದ್ದರೆ, ಬೇರೇನೂ ತೊಂದರೆಯಿಲ್ಲದಿದ್ದರೆ ಇದು ರೋಗವಲ್ಲ. ಬಹುಪಾಲು ಬಸುರಿಯರಿಗೆ ಆಗುವುದು ಇದೇ.

ಹಾಗಾದರೆ ‘ಸಹಜ’ ಎಂದರೆ ತಪ್ಪೇನು? ತಪ್ಪಿರುವುದು ಆ ಮಾತು ಅಲ್ಲಿಗೇ ನಿಂತುಬಿಡುವುದರಲ್ಲಿ. ಹಸಿವೂ ಸಹಜವೇ. ಹಸಿವು ಸಹಜವೆಂದು ನಾವು ಅಡುಗೆ ಮಾಡುತ್ತೇವೆ. ನಿದ್ದೆ ಸಹಜವೆಂದು ಹಾಸಿಗೆ ಹಾಸುತ್ತೇವೆ. ಮಳೆಗಾಲ ಸಹಜವೆಂದು ಹೆಂಚು ಕೈಯಾಡಿಸುತ್ತೇವೆ, ಸೌದೆ ಒಳಗಿಡುತ್ತೇವೆ. ಒಂದು ಸಂಗತಿ ಸಹಜವಾದರೆ, ಅದು ಬಂದೇ ಬರುತ್ತದೆಂದು ಗೊತ್ತಿದ್ದರೆ, ಅದಕ್ಕೆ ಮೊದಲೇ ತಯಾರಾಗಬೇಕೆಂಬುದು ಲೋಕದ ನಡವಳಿಕೆ. ಹೆಣ್ಣಿನ ಮೈಯ ವಿಷಯ ಬಂದಾಗ ಮಾತ್ರ ‘ಸಹಜ’ ಎಂದರೆ ‘ಏನೂ ಮಾಡಬೇಕಾಗಿಲ್ಲ’ ಎಂದಾಗುತ್ತದೆ. ಮುಟ್ಟಿನ ನೋವು ಸಹಜ, ಹೆರಿಗೆಯ ನೋವು ಸಹಜ, ಬಾಣಂತನದ ನಿದ್ದೆಗೇಡು ಸಹಜ, ಕಾಲಿನ ಬಾವು ಸಹಜ. ಹೀಗೆ ಸಹಜಗಳ ಪಟ್ಟಿ ಉದ್ದವಾದಷ್ಟೂ ಸುತ್ತಲಿನವರ ಹೊಣೆ ಗಿಡ್ಡವಾಗುತ್ತದೆ.

ವೈದ್ಯರು ಹೇಳುವ ಪರಿಹಾರ ಗುಟ್ಟಿನದೇನಲ್ಲ. ಬಹಳ ಹೊತ್ತು ನಿಲ್ಲಬೇಡಿ. ಕಾಲು ಇಳಿಬಿಟ್ಟು ಬಹಳ ಹೊತ್ತು ಕೂರಲೂ ಬೇಡಿ. ಕೂತಾಗ ಕಾಲನ್ನು ಸ್ಟೂಲಿನ ಮೇಲೋ ದಿಂಬಿನ ಮೇಲೋ ಎತ್ತರಿಸಿಡಿ. ಪಾದವನ್ನು ಮೇಲೆ ಕೆಳಗೆ ಆಡಿಸಿ, ಗುಂಡಗೆ ತಿರುಗಿಸಿ. ಮೀನಖಂಡ ಅಲುಗಾಡಿದಾಗ ರಕ್ತ ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ. ಎಡ ಮಗ್ಗುಲಿಗೆ ಮಲಗಿ, ಆ ದೊಡ್ಡ ರಕ್ತನಾಳ ಬೆನ್ನುಹುರಿಯ ಬಲಕ್ಕಿರುವುದರಿಂದ ಅದರ ಮೇಲಿನ ಭಾರ ಇಳಿಯುತ್ತದೆ. ಸ್ವಲ್ಪ ನಡೆಯಿರಿ. ನೀರು ಕುಡಿಯಿರಿ. ಬಿಗಿಯಾದ ಚಪ್ಪಲಿ ಬೇಡ. ಬೇಕಾದರೆ ಬೆಳಿಗ್ಗೆ ಏಳುವ ಮುಂಚೆಯೇ ಒತ್ತುಗಾಲುಚೀಲ ಹಾಕಿಕೊಳ್ಳಿ. ಇಷ್ಟೇ. ಇದರಲ್ಲಿ ದುಬಾರಿ ಔಷಧವಿಲ್ಲ, ಯಂತ್ರವಿಲ್ಲ.

ಈಗ ಈ ಉಪದೇಶವನ್ನು ಯಾರಿಗೆ ಹೇಳುತ್ತಿದ್ದೇವೆಂದು ನೋಡಿ. ಸೀರೆ ಅಂಗಡಿಯಲ್ಲಿ ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತು ಸೀರೆ ಬಿಡಿಸಿ ತೋರಿಸಿ ಮತ್ತೆ ಮಡಿಸಿಡುವ ಹುಡುಗಿಗೆ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಐರನಿಂಗ್ ಮೇಜಿನ ಮುಂದೆ, ಚೆಕಿಂಗ್ ಮೇಜಿನ ಮುಂದೆ ದಿನವಿಡೀ ನಿಲ್ಲುವವಳಿಗೆ. ಅದೇ ಕಾರ್ಖಾನೆಯಲ್ಲಿ ಬೆನ್ನಿಗೆ ಆನಿಕೆಯಿಲ್ಲದ ಸ್ಟೂಲಿನ ಮೇಲೆ ಕೂತು, ಪೆಡಲಿನ ಮೇಲಿಟ್ಟ ಕಾಲನ್ನು ತೆಗೆಯಲಾಗದೆ ಟಾರ್ಗೆಟ್ ಎಣಿಸುವ ಟೈಲರಿಗೆ. ಬಾತ್‌ರೂಮಿಗೆ ಎದ್ದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆಂದು ನೀರನ್ನೇ ಕುಡಿಯದವಳಿಗೆ. ವಾರ್ಡಿನಲ್ಲಿ ಓಡಾಡುವ ನರ್ಸಿಗೆ, ಬೋರ್ಡಿನ ಮುಂದೆ ನಿಂತ ಟೀಚರಿಗೆ, ನಾಲ್ಕು ಮನೆಯ ಪಾತ್ರೆ-ನೆಲ ಮುಗಿಸಿ ಐದನೆಯದಾಗಿ ತನ್ನ ಮನೆಯದನ್ನು ಮಾಡುವವಳಿಗೆ. ಇವರೆಲ್ಲರಿಗೂ ನಾವು ಹೇಳುವುದು, "ಕಾಲು ಮೇಲಿಟ್ಟುಕೊಂಡು ಕೂತ್ಕೊಳ್ಳಮ್ಮ." ಯಾವುದರ ಮೇಲೆ? ಯಾವ ಹೊತ್ತಿನಲ್ಲಿ? ಯಾರ ಅಪ್ಪಣೆ ಪಡೆದು?

ಕುರ್ಚಿಯೂ ಬಿಡುವೂ ಇದ್ದವರಿಗೆ ಮಾತ್ರ ಕೆಲಸಕ್ಕೆ ಬರುವ ಪರಿಹಾರವನ್ನು ಎಲ್ಲರಿಗೂ ಉಪದೇಶವಾಗಿ ಹಂಚಿ, ಪಾಲಿಸದಿದ್ದರೆ "ಇವಳು ಮೈ ಮೇಲೆ ಗಮನ ಇಡೋದಿಲ್ಲ" ಎಂದು ಅವಳನ್ನೇ ದೂರುತ್ತೇವೆ. ಬಾವು ಅವಳ ಕಾಲಿನದು. ಕಾರಣದ ಪಾಲು ಮಾತ್ರ ನಾವು ಕೊಡದ ಕುರ್ಚಿಯಲ್ಲೂ ಇದೆ.

ಮನೆಯ ಒಳಗೂ ಕುರ್ಚಿಯಿಲ್ಲ. ಹಿಂದಿನ ಅಡುಗೆಮನೆಯಲ್ಲಿ ಹೆಂಗಸರು ಕೂತು ಕೆಲಸ ಮಾಡುತ್ತಿದ್ದರು. ಒಲೆ ನೆಲದಲ್ಲಿತ್ತು, ಈಳಿಗೆ ಮಣೆ ನೆಲದಲ್ಲಿತ್ತು, ರುಬ್ಬುವ ಗುಂಡೂ ನೆಲದಲ್ಲಿತ್ತು. ಆ ಹೊಗೆ, ಆ ದುಡಿತ ಮರಳಿ ಬರಲೆಂದು ಯಾರೂ ಬಯಸುವುದಿಲ್ಲ. ಆದರೆ ಕಟ್ಟೆ ಬಂತು, ಗ್ಯಾಸ್ ಬಂತು, ಮಿಕ್ಸಿ ಬಂತು. ಹೆಂಗಸು ಎದ್ದು ನಿಂತಳು. ನಿಂತವಳು ಮತ್ತೆ ಕೂತಿಲ್ಲ. ಸೊಂಟದೆತ್ತರದ ಅಡುಗೆ ಕಟ್ಟೆಯ ಮುಂದೆ ಒಂದು ಎತ್ತರದ ಸ್ಟೂಲ್ ಇಡಬಹುದೆಂದು ಮನೆ ಕಟ್ಟಿಸುವವರಿಗೂ ಹೊಳೆಯುವುದಿಲ್ಲ, ಚಪಾತಿಗೆ ಕಾದು ಊಟದ ಮೇಜಿನ ಮುಂದೆ ಕೂತ ಗಂಡನಿಗೂ ಹೊಳೆಯುವುದಿಲ್ಲ. ಮನೆಯಲ್ಲಿ ನಾಲ್ಕು ಕುರ್ಚಿಗಳಿದ್ದರೆ ನಾಲ್ಕೂ ಉಣ್ಣುವವರಿಗೆ, ಬೇಯಿಸುವವಳಿಗೆ ಒಂದೂ ಇಲ್ಲ.

ಸೀಮಂತವನ್ನೇ ನೋಡಿ. ಅದು ಬಸುರಿಯ ಹಬ್ಬ. ಅಂದು ಭಾರದ ರೇಷ್ಮೆ ಸೀರೆ ಉಡಿಸಿ, ಫೋಟೋದವನಿಗೆ ತೃಪ್ತಿಯಾಗುವಷ್ಟು ಹೊತ್ತು ನಿಲ್ಲಿಸಿ, ಕೊನೆಗೆ ಬಂದ ಹಿರಿಯರ ಕಾಲಿಗೆಲ್ಲ ಬೀಳಿಸುತ್ತೇವೆ. ತನ್ನ ಪಾದವನ್ನು ತಾನು ಬಗ್ಗಿ ನೋಡಲಾಗದವಳು ಇಪ್ಪತ್ತು ಜನರ ಪಾದ ಮುಟ್ಟುತ್ತಾಳೆ. ಆ ಇಪ್ಪತ್ತು ಜನರಲ್ಲಿ ಒಬ್ಬರಾದರೂ ಅವಳ ಪಾದ ನೋಡಿದರೇ? ಆ ಕಾಲುಂಗುರವನ್ನು ಸಡಿಲಿಸಬೇಕೆಂದು, ಬೇಕಾದರೆ ತೆಗೆಸಬೇಕೆಂದು ಹೇಳಿದರೇ? ಹೇಳುವುದಿಲ್ಲ. "ಮುತ್ತೈದೆ ಕಾಲುಂಗುರ ತೆಗೀಬಾರದು." ಬಾತ ಬೆರಳಿನ ರಕ್ತಸಂಚಾರವನ್ನೇ ಕಟ್ಟಿಹಾಕುವ ಬೆಳ್ಳಿಗೆ ಇರುವ ಮರ್ಯಾದೆ ಆ ಬೆರಳಿಗಿಲ್ಲ.

ಇಲ್ಲೊಂದು ಆಕ್ಷೇಪ ಖಂಡಿತ ಬರುತ್ತದೆ, ಮನೆಯ ಹಿರಿಯ ಹೆಂಗಸರಿಂದಲೇ ಬರುತ್ತದೆ. "ನಾವೇನು ಹೆತ್ತಿಲ್ವಾ? ಗದ್ದೇಲಿ ನಾಟಿ ನೆಡ್ತಾ ನೆಡ್ತಾ ದಿನ ತುಂಬಿಸಿದ್ವಿ. ಕಾಲು ಬಾತಿದೆ ಅಂತ ಕೂತವರು ಯಾರು?" ಈ ಮಾತಿನ ಹಿಂದಿನ ಕಷ್ಟಕ್ಕೆ ನಾನು ತಲೆಬಾಗುತ್ತೇನೆ, ವಾದಕ್ಕೆ ಅಲ್ಲ. ಯಾಕೆಂದರೆ ಈ ಮಾತನ್ನು ಹೇಳಲು ಉಳಿದವರು ಬದುಕಿ ಉಳಿದವರು. ಬದುಕದವರು ಬಂದು ಸಾಕ್ಷಿ ಹೇಳುವುದಿಲ್ಲ. ನಮ್ಮ ಮನೆತನಗಳ ಕತೆಗಳಲ್ಲಿ ‘ಮೊದಲನೆ ಹೆಂಡತಿ ಹೆರಿಗೇಲಿ ಹೋದಳು’ ಎಂಬ ಒಂದು ಸಾಲು ಎಷ್ಟು ಸಲ ಬರುತ್ತದೆ, ನೆನಪಿಸಿಕೊಳ್ಳಿ. ಅವಳಿಗೆ ಹೆಸರೂ ಇರುವುದಿಲ್ಲ. ಅವಳಿಗೆ ಏನಾಗಿತ್ತೆಂದು ಯಾರೂ ಕೇಳಿರುವುದಿಲ್ಲ. ಅವಳ ಕಾಲು ಬಾತಿತ್ತೇ, ಮುಖ ಬಾತಿತ್ತೇ, ತಲೆ ಸಿಡಿಯುತ್ತದೆ ಎಂದಿದ್ದಳೇ?

ಈ ಪ್ರಶ್ನೆ ಬರಿಯ ಕನಿಕರದ್ದಲ್ಲ. ‘ಸಹಜ’ ಎಂಬ ಮಾತು ಕೊಲ್ಲುವುದು ಇಲ್ಲೇ. ಇಪ್ಪತ್ತು ವಾರ ದಾಟಿದ ಮೇಲೆ ಬಸುರಿಯ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಮೇಲೇರಿ, ಮೂತ್ರದಲ್ಲಿ ಪ್ರೋಟೀನ್ ಸೋರತೊಡಗಿದರೆ, ಇಲ್ಲವೇ ಯಕೃತ್ತು, ಮೂತ್ರಪಿಂಡ ಮುಂತಾದವುಗಳಿಗೆ ಪೆಟ್ಟು ಬೀಳತೊಡಗಿದರೆ ಅದು ಪ್ರೀ-ಎಕ್ಲಾಂಪ್ಸಿಯಾ. ಗರ್ಭನಂಜು ಎಂದು ಕನ್ನಡದಲ್ಲಿ ಕರೆಯುವುದು ಇದನ್ನೇ. ಅದು ಮುಂದುವರಿದರೆ ಫಿಟ್ಸ್ ಬರುತ್ತದೆ. ತಾಯಿ ಮಗು ಇಬ್ಬರೂ ಹೋಗಬಹುದು. ಹಿಂದೆ ಕಾಲಿನ ಬಾವನ್ನೂ ಇದರ ಲಕ್ಷಣವೆಂದು ಲೆಕ್ಕಕ್ಕೆ ಹಿಡಿಯುತ್ತಿದ್ದರು, ಈಗ ಹಿಡಿಯುವುದಿಲ್ಲ. ಕಾರಣ ಸರಳ: ಏನೂ ತೊಂದರೆ ಇಲ್ಲದವರಿಗೂ ಕಾಲು ಬಾಯುತ್ತದೆ, ಗರ್ಭನಂಜು ಇರುವ ಕೆಲವರಿಗೆ ಬಾಯುವುದೇ ಇಲ್ಲ. ಅಂದರೆ ಬರಿಗಣ್ಣಿಂದ ಕಾಲು ನೋಡಿ "ಸಹಜ" ಎನ್ನುವ ಅಧಿಕಾರ ಅತ್ತೆಗೂ ಇಲ್ಲ, ಗಂಡನಿಗೂ ಇಲ್ಲ, ವೈದ್ಯರಿಗೂ ಇಲ್ಲ. ಬಿಪಿ ಪಟ್ಟಿ ಕಟ್ಟಿ ನೋಡಿದ ಮೇಲೆ, ಮೂತ್ರ ಪರೀಕ್ಷೆ ಆದ ಮೇಲೆ ಹೇಳುವ "ಸಹಜ"ಕ್ಕೆ ಮಾತ್ರ ಬೆಲೆ. ಅದಕ್ಕೆ ಮುಂಚಿನದು ಬರಿ ಊಹೆ.

ಹಾಗೆಂದು ಮನೆಯವರು ಕಣ್ಣು ಮುಚ್ಚಿ ಕೂರಬೇಕಿಲ್ಲ. ಬಾವು ಒಮ್ಮೆಲೇ ಏರಿದರೆ, ಬೆಳಿಗ್ಗೆ ಎದ್ದಾಗಲೂ ಇಳಿಯದಿದ್ದರೆ, ಮುಖಕ್ಕೂ ಕೈಗೂ ಬಂದರೆ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಕಣ್ಣಮುಂದೆ ಮಿಂಚು, ಪಕ್ಕೆಲುಬಿನ ಕೆಳಗೆ ನೋವು ಕಾಣಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಂದೇ ಕಾಲು ಬಾತು, ಮೀನಖಂಡ ನೋಯುತ್ತ, ಬಿಸಿಯಾಗಿ ಕೆಂಪಾದರೆ ರಕ್ತ ಹೆಪ್ಪುಗಟ್ಟಿರಬಹುದು. ಆಗಲೂ ತಡ ಮಾಡುವಂತಿಲ್ಲ, ಆ ಕಾಲನ್ನು ತಿಕ್ಕುವಂತೆಯೂ ಇಲ್ಲ. ಬಳೆ ತೊಡಿಸುವವರಿಗೆ ಇದರ ಒಂದು ಗುರುತು ಕೈಯಲ್ಲೇ ಸಿಗುತ್ತದೆ. ಎರಡು-ನಾಲ್ಕು ಅಳತೆಯ ಬಳೆ ಹಿಡಿಯುತ್ತಿದ್ದ ಕೈಗೆ ಒಮ್ಮೆಲೇ ಎರಡು-ಆರೂ ಏರದಿದ್ದರೆ "ಬಸುರಿ ಕೈ ತುಂಬಿಕೊಂಡಿದೆ" ಎಂದು ಸಂತೋಷಪಡುವ ಬದಲು ಬಿಪಿ ನೋಡಿಸಿದಿರಾ ಎಂದು ಕೇಳಬೇಕು. ಅಷ್ಟು ಸಾಕು.

ಬದಲಿಗೆ ನಾವು ಮಾಡುವುದು ಉಪ್ಪು ನಿಲ್ಲಿಸುವುದು. "ಕಾಲು ಬಾತಿದೆ, ಇವತ್ತಿಂದ ಸಪ್ಪೆ ಊಟ, ನೀರೂ ಕಮ್ಮಿ ಕುಡಿ." ಮೊದಲೇ ಊಟ ಸೇರದವಳ ತಟ್ಟೆಯಿಂದ ರುಚಿಯನ್ನೂ ತೆಗೆದರೆ ಅವಳು ಉಣ್ಣುವುದು ಇನ್ನೂ ಕಡಿಮೆಯಾಗುತ್ತದೆ. ಉಪ್ಪು ಪೂರ್ತಿ ಬಿಡಿಸುವುದರಿಂದ ಗರ್ಭನಂಜು ತಪ್ಪುವುದಿಲ್ಲ. ನೀರು ನಿಲ್ಲಿಸಿದರೆ ಬಾವು ಇಳಿಯುವುದಿಲ್ಲ. ಮೆಡಿಕಲ್ ಶಾಪಿನವನು ಕೊಡುವ ನೀರು ಇಳಿಸುವ ಮಾತ್ರೆಯಂತೂ ವೈದ್ಯರ ಮಾತಿಲ್ಲದೆ ಮುಟ್ಟಲೇಬಾರದು. ಬಾರ್ಲಿ ನೀರು, ಜೀರಿಗೆ ಕಷಾಯ ಕುಡಿಯಲಿ, ಜಗಳವಿಲ್ಲ, ಹೊಟ್ಟೆಗೆ ನೀರಾದರೂ ಹೋಗುತ್ತದೆ. ಆದರೆ ಕಷಾಯದ ಲೋಟ ಬಿಪಿ ಅಳೆಯುವುದಿಲ್ಲ. ಗರ್ಭನಂಜು ತೀವ್ರವಾದವರಿಗೆ ಫಿಟ್ಸ್ ಬಾರದಂತೆ ತಡೆಯುವ ಔಷಧ ಮೆಗ್ನೀಸಿಯಮ್ ಸಲ್ಫೇಟ್. ಅಗ್ಗದ್ದು, ಹಳೆಯದು. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದು ಫಿಟ್ಸಿನ ಅಪಾಯವನ್ನು ಅರ್ಧಕ್ಕಿಂತ ಕೆಳಗಿಳಿಸಿತು. ಆ ಔಷಧ ಕೆಲಸ ಮಾಡಬೇಕಾದರೆ ಬಸುರಿ ಸಮಯಕ್ಕೆ ಆಸ್ಪತ್ರೆ ತಲುಪಬೇಕು. ತಲುಪಬೇಕಾದರೆ ಮನೆಯಲ್ಲಿ ಯಾರೂ "ಸಹಜ" ಎಂದು ತಡೆದಿರಬಾರದು.

2018-20ರ ಸರ್ಕಾರಿ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 97 ತಾಯಂದಿರು ಸಾಯುತ್ತಿದ್ದರು. ಕರ್ನಾಟಕದಲ್ಲಿ 69, ಪಕ್ಕದ ಕೇರಳದಲ್ಲಿ 19. ಹಿಂದಿಗಿಂತ ಇದು ಎಷ್ಟೋ ಮೇಲು, ನಿಜ. ಆದರೆ 69ಕ್ಕೂ 19ಕ್ಕೂ ನಡುವೆ ಇರುವ 50 ಹೆಂಗಸರ ಸಾವನ್ನು ‘ಸಹಜ’ ಎನ್ನಲು ಯಾರಿಗೂ ಬಾಯಿ ಬರಬಾರದು. ಒಂದು ಗಡಿ ದಾಟಿದ ಮಾತ್ರಕ್ಕೆ ಹೆಣ್ಣಿನ ಮೈ ಬೇರೆಯಾಗುವುದಿಲ್ಲ. ಬೇರೆಯಾಗುವುದು ಅದನ್ನು ನೋಡಿಕೊಳ್ಳುವ ವ್ಯವಸ್ಥೆ.

ವ್ಯವಸ್ಥೆ ಎಂದಾಗ ಕಾನೂನಿನ ಮಾತು. ಬಸುರಿಯ ಕಾಲಿನ ಬಗ್ಗೆ ನಮ್ಮ ಸಾಹಿತ್ಯಕ್ಕಿಂತ ಮೊದಲು ಯೋಚಿಸಿದ್ದು ಕಾನೂನು ಎಂಬುದು ವಿಚಿತ್ರವಾದರೂ ನಿಜ. 1948ರ ಕಾರ್ಖಾನೆ ಕಾಯ್ದೆಯ 44ನೆಯ ಕಲಮು, ನಿಂತು ಕೆಲಸ ಮಾಡಬೇಕಾದ ಎಲ್ಲ ಕಾರ್ಮಿಕರಿಗೂ ಕೆಲಸದ ನಡುವೆ ಸಿಗುವ ಬಿಡುವಿನಲ್ಲಿ ಕೂರಲು ಏರ್ಪಾಡಿರಬೇಕು ಎಂದಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಇನ್ನೂ ಮುಂದೆ ಹೋಗಿ, ಬಸುರಿಯಿಂದ ದೀರ್ಘಕಾಲ ನಿಲ್ಲಬೇಕಾದ ಕೆಲಸ ಮಾಡಿಸಬಾರದು ಎಂದು ಬಾಯಿಬಿಟ್ಟೇ ಹೇಳಿತು. ಓದಿದರೆ ಹಿಗ್ಗಾಗುತ್ತದೆ. ಮತ್ತೊಮ್ಮೆ ಓದಿದರೆ ಹಿಗ್ಗು ಇಳಿಯುತ್ತದೆ. ಏಕೆಂದರೆ ಆ ರಕ್ಷಣೆ ಶುರುವಾಗುವುದು ಹೆರಿಗೆಗೆ ಸುಮಾರು ಹತ್ತು ವಾರ ಇರುವಾಗ, ಅದೂ ಅವಳೇ ಕೋರಿಕೆ ಸಲ್ಲಿಸಿದರೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಬರೆಯುವಾಗಲೂ ಈ ಎರಡು ಷರತ್ತುಗಳನ್ನು ಹಾಗೇ ಎತ್ತಿಟ್ಟುಕೊಂಡರು. ಅರವತ್ತು ವರ್ಷಗಳಲ್ಲಿ ಆ ವಾಕ್ಯದೊಳಗೆ ಯಾರೂ ಒಂದು ಸ್ಟೂಲು ಎಳೆದು ಕೂರಲಿಲ್ಲ.

‘ಕೋರಿಕೆ’ ಎಂಬ ಆ ಒಂದು ಪದದಲ್ಲಿ ಎಲ್ಲವೂ ಅಡಗಿದೆ. ತಿಂಗಳ ಟಾರ್ಗೆಟ್ ಮುಗಿಯದಿದ್ದರೆ ಬೈಸಿಕೊಳ್ಳುವವಳು, ಬಸಿರಾದದ್ದು ಗೊತ್ತಾದರೆ ಕೆಲಸ ಹೋದೀತೆಂದು ವೇಲನ್ನು ಅಗಲವಾಗಿ ಹೊದೆಯುವವಳು, ಮಾಲೀಕನ ಮುಂದೆ ನಿಂತು "ಸಾರ್, ಕಾಲು ಬಾತಿದೆ, ಕೂರೋ ಕೆಲಸ ಕೊಡಿ" ಎನ್ನಬೇಕು. ಕೇಳಿದರೆ ಮಾತ್ರ ಸಿಗುವ ಹಕ್ಕು, ಕೇಳಲು ಧೈರ್ಯವಿದ್ದವರಿಗೆ ಮಾತ್ರ ಇರುವ ಹಕ್ಕು. ಹತ್ತು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳಿಗೆ, ಮನೆಗೆಲಸದವರಿಗೆ, ಹೊಲದ ಕೂಲಿಯವರಿಗೆ ಸಾಮಾನ್ಯವಾಗಿ ಅಷ್ಟೂ ತಲುಪುವುದಿಲ್ಲ.

ರಜೆಯ ಲೆಕ್ಕವನ್ನೂ ನೋಡಿ. 2017ರ ತಿದ್ದುಪಡಿ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳ ಸಹಿತ ರಜೆ ಕೊಟ್ಟಿತು. ಅದರಲ್ಲಿ ಹೆಚ್ಚೆಂದರೆ ಎಂಟು ವಾರವನ್ನು ಹೆರಿಗೆಗೆ ಮೊದಲು ತೆಗೆದುಕೊಳ್ಳಬಹುದು. ಒಳ್ಳೆಯದೇ. ಆದರೆ ಮೊದಲು ತೆಗೆದುಕೊಂಡ ಪ್ರತಿ ವಾರವೂ ಮಗುವಿನ ಪಾಲಿನಿಂದ ಕಳೆದಂತೆ. ಹಾಗಾಗಿ ತಾಯಿ ಏನು ಮಾಡುತ್ತಾಳೆ? ರಜೆ ಉಳಿಸುತ್ತಾಳೆ. ನೋವು ಬರುವ ಹಿಂದಿನ ವಾರದವರೆಗೂ ಕೆಲಸಕ್ಕೆ ಹೋಗುತ್ತಾಳೆ. ಕಾಲು ಅತಿ ಹೆಚ್ಚು ಬಾಯುವ ವಾರಗಳೇ ಅವಳು ಹಟ ಹಿಡಿದು ದುಡಿಯುವ ವಾರಗಳಾಗುತ್ತವೆ. ಎದೆಹಾಲಿಗೂ ಕಾಲುಬಾವಿಗೂ ನಡುವೆ ಆಯ್ಕೆ ಮಾಡು ಎಂದರೆ ಯಾವ ತಾಯಿ ಕಾಲನ್ನು ಆರಿಸಿಕೊಳ್ಳುತ್ತಾಳೆ?

ಸರ್ಕಾರದ ಒಳ್ಳೆಯ ಯೋಜನೆಗಳಿಗೂ ಕಾಲು ಕಾಣುವುದಿಲ್ಲ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ 2016ರಿಂದ ನಡೆಯುತ್ತಿದೆ. ಅದರಿಂದ ಉಪಕಾರವಾಗಿದೆ. ಆದರೆ ಎಷ್ಟೋ ಕಡೆ ಬಿಪಿ ನೋಡಿಸಿಕೊಳ್ಳಲು ತಾಯಿ ಕಾರ್ಡ್ ಹಿಡಿದು ಸಾಲಿನಲ್ಲಿ ನಿಂತೇ ಕಾಯಬೇಕು. ನಿಲ್ಲಬೇಡಿ ಎಂದು ಹೇಳಿಸಿಕೊಳ್ಳಲು ಎರಡು ಗಂಟೆ ನಿಲ್ಲಬೇಕು! 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾದ ಮಾತೃಪೂರ್ಣ ಯೋಜನೆ ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಟ್ಟಿತು. ಒಂಟಿ ಮನೆಗಳ ಮಲೆನಾಡಿನಲ್ಲಿ ಆ ಊಟಕ್ಕಾಗಿ ಗುಡ್ಡ ಹತ್ತಿಳಿದು ಹೋಗುವ ದಾರಿಯನ್ನು ಯೋಜನೆ ಬರೆದವರು ನಡೆದು ನೋಡಿದ್ದರೇ? 2023ರ ಶಕ್ತಿ ಯೋಜನೆ ಹೆಂಗಸರಿಗೆ ಬಸ್ಸಿನ ಬಾಗಿಲನ್ನು ಬಿಟ್ಟಿಯಾಗಿ ತೆರೆಯಿತು. ಅದನ್ನು ಹಂಗಿಸುವವರ ಗುಂಪಿಗೆ ನಾನು ಸೇರುವುದಿಲ್ಲ. ಆದರೆ ತುಂಬಿದ ಬಸ್ಸಿನಲ್ಲಿ ತುಂಬುಬಸುರಿ ಕಂಬ ಹಿಡಿದು ನಿಂತಾಗ ಕಿಟಕಿಯಾಚೆ ನೋಡುವವರು ನಾವೇ ಅಲ್ಲವೇ? ಅದಕ್ಕೆ ಯಾವ ಸರ್ಕಾರವೂ ಆದೇಶ ಹೊರಡಿಸಬೇಕಿಲ್ಲ.

ಬದಲಾಗುವುದಿಲ್ಲ ಎನ್ನುವವರು ಕೋಳಿಕ್ಕೋಡಿನ ಕಡೆ ನೋಡಲಿ. ಅಲ್ಲಿನ ಮಿಠಾಯಿ ಬೀದಿಯ ಬಟ್ಟೆ ಅಂಗಡಿಗಳ ಹೆಂಗಸರು, ಪಿ. ವಿಜಿ ಎಂಬ ದರ್ಜಿ ಹೆಂಗಸಿನ ಮುಂದಾಳುತನದಲ್ಲಿ ಎದ್ದರು. ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೇಳಿದ್ದು ಕೂರುವ ಹಕ್ಕು. ದೊಡ್ಡ ಪಕ್ಷಗಳ ಕಾರ್ಮಿಕ ಸಂಘಗಳು ಕಣ್ಣೆತ್ತಿ ನೋಡದ ಬೇಡಿಕೆ ಅದು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೂರಲು ವ್ಯವಸ್ಥೆ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಯಾವ ಅಂಗಡಿಯೂ ಕುರ್ಚಿಯ ಭಾರಕ್ಕೆ ಕುಸಿದು ಬೀಳಲಿಲ್ಲ. ನಮ್ಮ ಚಿಕ್ಕಪೇಟೆಯಲ್ಲೋ, ಮೈಸೂರಿನ ದೇವರಾಜ ಅರಸ್ ರಸ್ತೆಯಲ್ಲೋ ಮುಂದಿನ ಸಲ ಬಟ್ಟೆ ಕೊಳ್ಳಲು ಹೋದಾಗ ಕೌಂಟರಿನ ಆಚೆ ಕುರ್ಚಿಗಳಿವೆಯೇ ಎಂದು ಎಣಿಸಿ ನೋಡಿ. ಈಚೆ ನಮಗೆ ಮೆತ್ತನೆಯ ಸೀಟಿರುತ್ತದೆ, ಕಾಫಿಯೂ ಬರುತ್ತದೆ.

ಮಾಲೀಕರ ವಾದ ಒಂದಿದೆ: "ಬಸುರಿಯರಿಗೆ ಇಷ್ಟೆಲ್ಲ ಸವಲತ್ತು ಕೊಡಬೇಕೆಂದರೆ ಹೆಂಗಸರನ್ನೇ ಕೆಲಸಕ್ಕೆ ತಗೊಳ್ಳಲ್ಲ." ಇದು ಬೆದರಿಕೆಯೇ ಆದರೂ ಇದಕ್ಕೆ ಉತ್ತರ ಕೊಡಬೇಕು. ನನ್ನ ಉತ್ತರ ಇದು. ಕುರ್ಚಿಯನ್ನು ಬಸುರಿಗೆಂದು ಕೊಡಬೇಡಿ, ಎಲ್ಲರಿಗೂ ಕೊಡಿ. ಗಂಡಸಿಗೂ ಕಾಲಿದೆ. ಹಗಲೆಲ್ಲ ನಿಲ್ಲುವ ಸೆಕ್ಯೂರಿಟಿ ಗಾರ್ಡಿನ ಕಾಲಿನ ನರವೂ ಉಬ್ಬುತ್ತದೆ, ಐವತ್ತು ದಾಟಿದ ಹೆಂಗಸಿನ ಮಂಡಿಯೂ ನೋಯುತ್ತದೆ. ಎಲ್ಲರಿಗೂ ಕುರ್ಚಿಯಿರುವಲ್ಲಿ ಬಸುರಿ ಯಾರನ್ನೂ ಕೋರಬೇಕಿಲ್ಲ, ಮೂರನೆಯ ತಿಂಗಳಲ್ಲೇ ತನ್ನ ಬಸಿರನ್ನು ಮಾಲೀಕನಿಗೆ ಒಪ್ಪಿಸಬೇಕಿಲ್ಲ, ಸಹೋದ್ಯೋಗಿಗಳ "ಇವಳಿಗೇನು ಸ್ಪೆಷಲ್ಲು" ಎಂಬ ಕೊಂಕನ್ನು ಕೇಳಬೇಕಿಲ್ಲ. ಗ್ರಾಹಕರಾದ ನಾವೂ ಒಂದು ಚಟ ಬಿಡಬೇಕು. ಅಂಗಡಿಯ ಹುಡುಗಿ ಕೂತೇ ಮಾತಾಡಿಸಿದರೆ ಮರ್ಯಾದೆ ಹೋಯಿತೆಂದುಕೊಳ್ಳುವ ಚಟ. ಇನ್ನೊಬ್ಬರ ನಿಂತ ಕಾಲಿನ ಮೇಲೆ ನಮ್ಮ ಮರ್ಯಾದೆ ನಿಂತಿದ್ದರೆ ಅದು ಬಿದ್ದುಹೋಗುವುದೇ ಒಳ್ಳೆಯದು.

ಸಾಹಿತ್ಯದ ಪತ್ರಿಕೆಯಲ್ಲಿ ಕಾಲುಬಾವಿನ ಮಾತೇಕೆ ಎಂದು ಕೇಳುವವರಿಗೆ ಕೊನೆಯದಾಗಿ ಒಂದೆರಡು ಮಾತು. ‘ಸಹಜ’ ಎಂಬುದು ಮೊದಲು ಒಂದು ಪದ. ಪದಗಳ ಲೆಕ್ಕ ಕೇಳುವುದು ಸಾಹಿತ್ಯದವರ ಕೆಲಸವೇ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದಾಗ ಹೆಂಗಸರ ಬೀಸುಕಲ್ಲಿನ ಪದಗಳಿಗೂ ಸಾಹಿತ್ಯದಲ್ಲಿ ಜಾಗವಿದೆ ಎಂದು ನಾವು ಕಲಿತೆವು. ಬಾಣಂತನದಲ್ಲಿ ಮನಸ್ಸು ಕದಡಿದವಳನ್ನು ಹುಚ್ಚಿ ಎಂದು ದೂರ ತಳ್ಳುವುದು ಎಂಥ ಕ್ರೌರ್ಯವೆಂದು ತ್ರಿವೇಣಿಯವರ ‘ಶರಪಂಜರ’ ತೋರಿಸಿತು. ಅದನ್ನು ಬರೆದ ತ್ರಿವೇಣಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಡಾಕ್ಟರೂ ಕಾದಂಬರಿಕಾರರೂ ಆಗಿದ್ದ ಅನುಪಮಾ ನಿರಂಜನ ‘ತಾಯಿ-ಮಗು’ ಬರೆದು, ಬಸಿರಿನ ಸಂಗತಿಗಳನ್ನು ಪಿಸುಮಾತಿನಿಂದ ಅಚ್ಚಿನ ಕನ್ನಡಕ್ಕೆ ತಂದರು. ಆ ಮೇಲೆ ನಾವು ತಾಯ್ತನದ ಬಗ್ಗೆ ಬರೆದ ಕವಿತೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ತಾಯಿ ಭೂಮಿಯಾಗಿದ್ದಾಳೆ, ನದಿಯಾಗಿದ್ದಾಳೆ, ಆಲದ ಮರವಾಗಿದ್ದಾಳೆ. ಭೂಮಿಗೆ ಕಾಲು ನೋಯುವುದಿಲ್ಲ, ನದಿಗೆ ಕುರ್ಚಿ ಬೇಕಿಲ್ಲ, ಮರ ಎಷ್ಟು ವರ್ಷ ಬೇಕಾದರೂ ನಿಲ್ಲುತ್ತದೆ. ತಾಯಿಯನ್ನು ಇಷ್ಟು ದೊಡ್ಡದು ಮಾಡಿದ್ದು ಅವಳಿಗೆ ಸ್ಟೂಲು ಕೊಡುವುದನ್ನು ತಪ್ಪಿಸಿಕೊಳ್ಳಲೇ ಏನೋ ಎಂಬ ಗುಮಾನಿ ನನ್ನದು.

ಆದ್ದರಿಂದ ಬೇಡಿಕೆಗಳನ್ನು ನೇರವಾಗಿಯೇ ಇಡುತ್ತೇನೆ. ನಿಂತು ದುಡಿಯುವ ಪ್ರತಿಯೊಂದು ಜಾಗದಲ್ಲೂ ಕೂರಲು ಆಸನ ಇರಲಿ, ಕೂತದ್ದಕ್ಕೆ ಯಾರೂ ಸಂಬಳ ಹಿಡಿಯದಿರಲಿ. ಕೂತೇ ದುಡಿಯುವ ಜಾಗದಲ್ಲಿ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವ, ಬಾತ್‌ರೂಮಿಗೆ ಹೋಗುವ ಬಿಡುವು ಇರಲಿ. ಕಾನೂನಿನ ವಾಕ್ಯದಿಂದ ‘ಕೋರಿಕೆ’ಯೂ ಹೋಗಲಿ, ಹತ್ತು ವಾರದ ಗಡಿಯೂ ಹೋಗಲಿ. ಆಸ್ಪತ್ರೆಯಲ್ಲಿ ಗರ್ಭಿಣಿಯರ ಸಾಲಿಗೆ ಬದಲು ಬೆಂಚು ಮತ್ತು ಟೋಕನ್ ಬರಲಿ. ಮನೆಯಲ್ಲಿ ಅಡುಗೆ ಕಟ್ಟೆಯ ಮುಂದೆ ಒಂದು ಸ್ಟೂಲು ಬರಲಿ, ಅದಕ್ಕಿಂತ ಮೊದಲು ಅಡುಗೆ ಮಾಡಲು ಇನ್ನೊಬ್ಬರು ಬರಲಿ. ಸೀಮಂತದ ದಿನ ಬಸುರಿ ಯಾರ ಕಾಲಿಗೂ ಬೀಳುವುದು ಬೇಡ. ಹಿರಿಯರು ಅವಳನ್ನು ಕೂರಿಸಿ, ಕಾಲ ಕೆಳಗೊಂದು ಮಣೆ ಇಟ್ಟು, ಬಿಪಿ ಎಷ್ಟಿತ್ತಮ್ಮ ಎಂದು ಕೇಳಿ ಹರಸಲಿ.

ಇಷ್ಟಾದ ಮೇಲೂ ಅವಳ ಕಾಲು ಸಂಜೆ ಹೊತ್ತಿಗೆ ಬಾಯಬಹುದು. ಆಗ ಬೇಕಾದರೆ ಹೇಳಿ, ಸಹಜ ಎಂದು. ಅವಳ ಪಕ್ಕದಲ್ಲಿ ಕೂತು, ಆ ಕಾಲನ್ನು ನಿಮ್ಮ ತೊಡೆಯ ಮೇಲಿಟ್ಟುಕೊಂಡು ಹೇಳಿ.